ಹಿರಿಯರ ಎಡೆಯಲ್ಲಿ ಸಿಹಿಗುಂಬಳ

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಕಾಲಭೈರವೇಶ್ವರನ ಗುಡಿಯಿಂದ ಹೆಸರಾದ ಊರು. ನನಗೆ ಸೋದರತ್ತೆಯ ಊರು. ಕಳೆದ ಮಹಾಲಯ ಅಮಾವಾಸ್ಯೆಯಂದು, ಹಿರಿಯರಿಗೆ ಎಡೆಯಿಡುವ ದಿನ, ಅಲ್ಲಿಗೆ ಹೋಗಿದ್ದೆ. ಬರಿಗೈಯಲ್ಲಿ ಹೋಗಬಾರದೆಂದು ಪೇಟೆಯಿಂದ ಆಲೂಗೆಡ್ಡೆ, ಟೊಮ್ಯಾಟೊ ತುಂಬಿದ ಚೀಲವೊಂದನ್ನು ಒಯ್ದಿದ್ದೆ. ಅತ್ತೆ ಚೀಲದೊಳಗೆ ಇಣುಕಿ ನೋಡಿ, “ಇವು ನಾಳೆಗಿರಲಿ, ಸೀಮೆ ತರಕಾರಿ ಹಿರಿಯರಿಗೆ ಸಲ್ಲದು” ಎಂದು ಮೂಲೆಗಿಟ್ಟರು. ಹಿತ್ತಲ ತಿಪ್ಪೆಯ ಮಗ್ಗುಲಲ್ಲಿ ತಾವೇ ಬೆಳೆದ ಸಿಹಿಗುಂಬಳವನ್ನು ತಂದು ಈಳಿಗೆಮಣೆಯ ಮುಂದೆ ಕುಳಿತರು.

ಮೇಷ್ಟರ ನಾಲಗೆ ಸುಮ್ಮನಿರುವುದುಂಟೇ? “ಸೀಮೆಯದು ಬೇಡವೆಂದರೆ ಈ ಕುಂಬಳವನ್ನೂ ಹೊರಗಿಡಬೇಕಲ್ಲ, ಅತ್ತೆ” ಎಂದೆ. ನನಗೆ ಓದು ಹೆಚ್ಚಾಯಿತೆಂಬಂತೆ ಅವರು ನಕ್ಕರು. ಆದರೆ ನಾನು ತಮಾಷೆಗೆ ಹೇಳಿದ ಮಾತಲ್ಲ ಅದು.

ನಮ್ಮಲ್ಲಿ ಕುಂಬಳ ಎರಡು ಬಗೆ. ಮೈಮೇಲೆ ಬೂದಿ ಬಳಿದುಕೊಂಡಂತಿರುವ ಬೂದುಗುಂಬಳ ಏಷ್ಯಾಖಂಡದ್ದು. ವೈದ್ಯರು ಲೇಹ್ಯ ಮಾಡುವ ಕೂಷ್ಮಾಂಡ ಅದೇ. ಆಯುಧಪೂಜೆಯಲ್ಲಿ ಕುಂಕುಮ ತುಂಬಿ ಒಡೆಯುವುದೂ ಅದನ್ನೇ. ನಮ್ಮ ಗಾದೆ ಬಲ್ಲದ್ದೂ ಅದನ್ನೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಏಕೆ ಮುಟ್ಟಿಕೊಂಡ? ಹೊತ್ತ ಕಾಯಿಯ ಬೂದಿ ಹೆಗಲಿಗೆ ಅಂಟಿತೇನೋ ಎಂಬ ಅಳುಕಿನಿಂದ. ಸಿಹಿಗುಂಬಳ ಕದ್ದಿದ್ದರೆ ಆ ಭಯವಿರುತ್ತಿರಲಿಲ್ಲ. ಅದರ ಮೈಯಲ್ಲಿ ಹಾಗೆ ಉದುರುವ ಬೂದಿಯಿಲ್ಲ.

ಸಿಹಿಗುಂಬಳದ ತವರು ಅಮೆರಿಕ ಖಂಡ. ಮೆಕ್ಸಿಕೋ ದೇಶದ ಓಹಾಕಾ ಪ್ರಾಂತದ ಗುಹೆಯೊಂದರಲ್ಲಿ ಇದರ ದಾಯಾದಿ ಜಾತಿಯ ಬೀಜಗಳು ಸಿಕ್ಕಿವೆ. ಅವುಗಳ ವಯಸ್ಸು ಸುಮಾರು 10,000 ವರ್ಷ. 1492ರಲ್ಲಿ ಕೊಲಂಬಸ್ ಆ ಕಡಲನ್ನು ದಾಟುವವರೆಗೆ ನಮ್ಮ ನೆಲ ಇದನ್ನು ಕಂಡಿರಲಿಲ್ಲ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಅಲ್ಲಿಂದೀಚೆಗೆ ಹಡಗುಗಳ ಹಾದಿಯಲ್ಲಿ ಆ ಖಂಡದ ಬೆಳೆಗಳು ಒಂದೊಂದಾಗಿ ಬಂದವು. 1025ರಲ್ಲಿ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಅಡುಗೆಯ ಮಾತು ಬರೆದಾಗಲಾಗಲಿ, 16ನೆಯ ಶತಮಾನದ ಆದಿಯಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ರಚಿಸಿದಾಗಲಾಗಲಿ ಅವರ ಅಡುಗೆಮನೆಯಲ್ಲಿ ಸಿಹಿಗುಂಬಳವಿಲ್ಲ, ಮೆಣಸಿನಕಾಯಿಯೂ ಇಲ್ಲ. ಖಾರಕ್ಕೆ ಮೆಣಸೇ ಗತಿ.

ಬಂದ ಹೊಸಬರನ್ನು ಕನ್ನಡ ಹೇಗೆ ಬರಮಾಡಿಕೊಂಡಿತೆಂಬುದು ಇನ್ನೊಂದು ಸ್ವಾರಸ್ಯ. ಕೆಲವರ ಹಣೆಗೆ ‘ಸೀಮೆ’ ಎಂಬ ಚೀಟಿ ಅಂಟಿತು. ಸೀಮೆಬದನೆ ಇಂದಿಗೂ ಅದನ್ನು ಹೊತ್ತಿದೆ. ಮಲೆನಾಡಿನ ಹವ್ಯಕರು ಸಿಹಿಗುಂಬಳವನ್ನು ಚೀನಿಕಾಯಿ ಎನ್ನುತ್ತಾರೆ. ಚೀನಕ್ಕೂ ಅದಕ್ಕೂ ನಂಟಿಲ್ಲದಿದ್ದರೂ, ಹೊರಗಿನದೆಂಬ ನೆನಪು ಆ ಹೆಸರಿನಲ್ಲಿ ಉಳಿದಂತೆ ತೋರುತ್ತದೆ. ಮೈಸೂರು ಸೀಮೆಯ ನಾವೋ ಆ ನೆನಪನ್ನೂ ಅಳಿಸಿದೆವು. ಮೆಣಸಿನ ಹೆಸರನ್ನು ಮೆಣಸಿನಕಾಯಿಗೆ ಕೊಟ್ಟು, ಹಳೆಯ ಮೆಣಸನ್ನು ಕರಿಮೆಣಸು ಮಾಡಿದೆವು. ಕುಂಬಳದ ಹೆಸರನ್ನು ಹೊಸ ಕಾಯಿಗೂ ಕೊಟ್ಟೆವು. ಮನೆಗೆ ಬಂದ ಸೊಸೆಯಂತೆ ಅದು ನಮ್ಮ ವ್ಯಾಕರಣಕ್ಕೂ ತಲೆಬಾಗಿತು: ‘ಕ’ಕಾರಕ್ಕೆ ‘ಗ’ಕಾರ ಆದೇಶವಾಗಿ ಸಿಹಿಗುಂಬಳವಾಯಿತು.

ಇಷ್ಟನ್ನೂ ಅತ್ತೆಗೆ ಹೇಳುತ್ತಿದ್ದಂತೆ ಕಾಯಿ ಹೆಚ್ಚಿ ಮುಗಿದಿತ್ತು. ಸಿಪ್ಪೆ ತೆಗೆಯಲಿಲ್ಲ, ಸಿಪ್ಪೆಯಿದ್ದರೆ ಹೋಳು ಕರಗದು. ಸಾಸಿವೆ, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆಗೆ ಹೋಳು ಸುರಿದು ತಟ್ಟೆ ಮುಚ್ಚಿದರು. ಒಂದು ಚಿಮುಕು ನೀರು ಸಾಕು, ಮಿಕ್ಕದ್ದನ್ನು ಕಾಯಿಯೇ ಬಿಡುತ್ತದೆ. ಅರ್ಧ ಬೆಂದ ಮೇಲೆ ಹುಣಿಸೆರಸ, ಆಲೆಮನೆಯ ಬೆಲ್ಲ; ಇಳಿಸುವಾಗ ತೆಂಗಿನತುರಿ. ಆಲೂಗೆಡ್ಡೆಯನ್ನು ಮೂಲೆಗಿಟ್ಟ ಕೈಯೇ ಅದರ ನಾಡಿನಿಂದಲೇ ಬಂದ ಮೆಣಸಿನಕಾಯನ್ನು ಬಾಣಲೆಗೆ ಮುರಿದು ಹಾಕಿತ್ತು!

ಕೊನೆಗೆ ಅತ್ತೆ ಬಾಯಿಬಿಟ್ಟರು: “ಇದರ ಬೀಜ ನಮ್ಮತ್ತೆ ಕೊಟ್ಟದ್ದು. ಅವರಿಗೆ ಅವರತ್ತೆ. ಅವರೆಲ್ಲ ಉಂಡು ಹೋದ ಕಾಯಿ ಇದು. ಅವರಿಗೆ ಇಡದೆ ಇನ್ಯಾರಿಗೆ ಇಡಲಿ?”

ನನ್ನ ಬಳಿ ಉತ್ತರವಿರಲಿಲ್ಲ. ಕಾಯಿ ಎಲ್ಲಿಂದ ಬಂತೆಂದು ನಾನು ಕೇಳುತ್ತಿದ್ದೆ. ಯಾರ ಕೈಯಿಂದ ಬಂತೆಂದು ಅವರು ಹೇಳುತ್ತಿದ್ದರು. ನಾನೂರು ಐನೂರು ವರ್ಷಗಳಲ್ಲಿ ಪರದೇಶದ ಕಾಯಿಯೊಂದು ಹಿರಿಯರ ಎಲೆಯವರೆಗೆ ಬಂದದ್ದು ಹಡಗಿನವರಿಂದಲ್ಲ. ತಿರುಳಿನಿಂದ ಬೀಜ ಬಿಡಿಸಿ, ಸಗಣಿಯಲ್ಲಿ ಅದ್ದಿ ಗೋಡೆಗೆ ಬಡಿದು, ಮುಂದಿನ ಮಳೆಗೆ ಕಾದ ಹೆಂಗಸರಿಂದ. ಹಡಗಿನವರ ಹೆಸರು ಪುಸ್ತಕದಲ್ಲಿದೆ; ಇವರದು ಎಲ್ಲಿಯೂ ಇಲ್ಲ.

ಈ ಸರಪಣಿ ಈಗ ಅತ್ತೆಯ ಬಳಿ ಬಂದು ನಿಂತಿದೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ, ಹಿತ್ತಲಲ್ಲಿ ಕೋಣೆಗಳನ್ನು ಕಟ್ಟಿಸುವ ಮಾತು ನಡೆದಿದೆ. ಹೊರಡುವಾಗ ಅತ್ತೆ ಗೋಡೆಯ ಬೆರಣಿ ಮುರಿದು, ಆರು ಬೀಜಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟರು. “ನೀನು ಓದಿದವನು, ಮರೆಯಬೇಡ” ಎಂದರು.

ಈ ಮುಂಗಾರಿಗೆ ನಮ್ಮ ಬಾಡಿಗೆ ಮನೆಯ ತಾರಸಿಯ ಮೇಲೆ ಹಳೆಯ ತೊಟ್ಟಿಯಲ್ಲಿ ಅವನ್ನು ಊರಿದೆ. ಮೂರು ಮೊಳೆತವು, ಒಂದು ಉಳಿದು ಕಂಬಿಗೆ ಹಬ್ಬಿದೆ. ಈವರೆಗೆ ಬಿಟ್ಟಿರುವುದೆಲ್ಲ ಗಂಡು ಹೂವೇ. ಬೆಳಗ್ಗೆ ಕಾಲೇಜಿಗೆ ಹೊರಡುವ ಮುನ್ನ, ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣು ಹೂವೊಂದಕ್ಕಾಗಿ ಬಳ್ಳಿಯನ್ನೆಲ್ಲ ಹುಡುಕುತ್ತೇನೆ.