ಪೆನ್ ಡ್ರೈವ್ ಕೀಳುವ ಮುನ್ನ: ನಕಲಾದದ್ದೆಲ್ಲ ದಾಖಲಾಗಿರುವುದಿಲ್ಲ

ಪರದೆಯ ಮೇಲೆ ನಕಲು ಮುಗಿದ ಸೂಚನೆ ಕಂಡ ಕೂಡಲೇ ಪೆನ್ ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಳ್ಳುವುದು ಅನೇಕರ ರೂಢಿ. ನೂರು ಬಾರಿ ಏನೂ ಆಗದಿರಬಹುದು. ನೂರ ಒಂದನೆಯ ಬಾರಿ ಮುದ್ರಣಾಲಯದ ಕಂಪ್ಯೂಟರ್‌ಗೆ ಅದನ್ನು ಜೋಡಿಸಿದಾಗ, ಪ್ರಬಂಧವಿರಬೇಕಾದ ಕಡತ ಸೊನ್ನೆ ಬೈಟ್ ಗಾತ್ರ ತೋರಿಸುತ್ತದೆ. ಇಲ್ಲವೇ ಡ್ರೈವನ್ನು ಫಾರ್ಮ್ಯಾಟ್ ಮಾಡಬೇಕೇ ಎಂಬ ಪ್ರಶ್ನೆ ಎದುರಾಗುತ್ತದೆ.

ಇದಕ್ಕೆ ಮುಖ್ಯ ಕಾರಣ ‘ರೈಟ್ ಕ್ಯಾಶಿಂಗ್’ ಎಂಬ ವ್ಯವಸ್ಥೆ. ಕಂಪ್ಯೂಟರ್‌ನ ರ‍್ಯಾಮ್‌ಗೆ ಹೋಲಿಸಿದರೆ ಫ್ಲಾಶ್ ಮೆಮೊರಿಗೆ ಬರೆಯುವ ಕೆಲಸ ಬಹಳ ನಿಧಾನ. ಹಾಗಾಗಿ ಕಾರ್ಯಾಚರಣೆ ವ್ಯವಸ್ಥೆಯು ಮಾಹಿತಿಯನ್ನು ರ‍್ಯಾಮ್‌ನಲ್ಲಿ ಇರಿಸಿಕೊಂಡು, ಕೆಲಸ ಮುಗಿಯಿತೆಂದು ಬಳಕೆದಾರನಿಗೆ ತಿಳಿಸಿ, ಡ್ರೈವ್‌ಗೆ ಬರೆಯುವುದನ್ನು ಹಿನ್ನೆಲೆಯಲ್ಲಿ ಮುಂದುವರಿಸುತ್ತದೆ. ಗುಮಾಸ್ತ ರಸೀದಿಯನ್ನು ಕೂಡಲೇ ಕೊಟ್ಟು ಲೆಡ್ಜರಿಗೆ ಸಂಜೆ ಏರಿಸುವಂಥ ಕ್ರಮವಿದು.

ಬರೆಯುತ್ತಿದ್ದ ಒಂದು ಕಡತ ಹಾಳಾದರೆ ಹೋಗಲಿ ಎನ್ನಬಹುದು, ಉಳಿದವೂ ಕಾಣೆಯಾಗುವುದೇಕೆ? ಫ್ಯಾಟ್32 ಪದ್ಧತಿಯಲ್ಲಿ ಯಾವ ಕಡತದ ಯಾವ ತುಣುಕು ಎಲ್ಲಿದೆ ಎಂಬುದನ್ನು ಡ್ರೈವ್‌ನ ಒಂದು ಕೋಷ್ಟಕದಲ್ಲಿ ಬರೆದಿಡಲಾಗುತ್ತದೆ. ಹೊಸ ಕಡತ ಸೇರಿದಾಗಲೆಲ್ಲ ಕೋಷ್ಟಕವೂ ಬದಲಾಗಬೇಕು. ಆ ಘಳಿಗೆಯಲ್ಲಿ ಸಂಪರ್ಕ ತಪ್ಪಿದರೆ, ಹಳೆಯ ಕಡತಗಳು ಇದ್ದಲ್ಲೇ ಇದ್ದರೂ ಅವುಗಳ ವಿಳಾಸ ಅಳಿಸಿಹೋಗಬಹುದು. ಎನ್‌ಟಿಎಫ್‌ಎಸ್ ಪದ್ಧತಿಯು ಬದಲಾವಣೆಗಳನ್ನು ಮೊದಲು ದಿನಚರಿಯಂತೆ ದಾಖಲಿಸಿಕೊಳ್ಳುವುದರಿಂದ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಫ್ಯಾಟ್32ರಲ್ಲಿ ಅಂಥ ದಿನಚರಿ ಇಲ್ಲ.

ಇನ್ನೂ ಗಂಭೀರವಾದದ್ದು ಡ್ರೈವ್‌ನ ಒಳಗಿನ ಹಾನಿ. ಫ್ಲಾಶ್ ಮೆಮೊರಿಯಲ್ಲಿ ಮಾಹಿತಿ ಅಳಿಸುವುದು ದೊಡ್ಡ ದೊಡ್ಡ ಖಂಡಗಳಾಗಿ. ಆದ್ದರಿಂದ ಒಳಗಿನ ನಿಯಂತ್ರಕ ಚಿಪ್ ಮಾಹಿತಿಯನ್ನು ಆಗಾಗ ಸ್ಥಳಾಂತರಿಸುತ್ತ ತನ್ನದೇ ಒಂದು ನಕಾಶೆಯನ್ನು ಇಟ್ಟುಕೊಂಡಿರುತ್ತದೆ. ವಿದ್ಯುತ್ ಕಡಿದು ಆ ನಕಾಶೆ ಕೆಟ್ಟರೆ ಕಂಪ್ಯೂಟರ್ ಡ್ರೈವನ್ನು ಗುರುತಿಸದೇ ಹೋಗಬಹುದು. ಇದು ಅಪರೂಪ, ಆದರೆ ಮನೆಯಲ್ಲಿ ಸರಿಪಡಿಸಲಾಗದ್ದು.

ಕಿತ್ತೊಡನೆ ‘ಸುಟ್ಟುಹೋಗುತ್ತದೆ’ ಎಂಬ ನಂಬಿಕೆಗೆ ಮಾತ್ರ ಹೆಚ್ಚಿನ ಆಧಾರವಿಲ್ಲ. ಕಂಪ್ಯೂಟರ್ ಚಾಲನೆಯಲ್ಲಿರುವಾಗಲೇ ಜೋಡಿಸಿ ತೆಗೆಯಲೆಂದೇ ಯುಎಸ್‌ಬಿ ರೂಪುಗೊಂಡಿದೆ. ಸಾಮಾನ್ಯ ಪ್ಲಗ್‌ನಲ್ಲಿ ವಿದ್ಯುತ್ತಿನ ಎರಡು ಪಟ್ಟಿಗಳು ಮಾಹಿತಿಯ ಪಟ್ಟಿಗಳಿಗಿಂತ ಉದ್ದವಾಗಿದ್ದು, ಕೀಳುವಾಗ ಕೊನೆಗೆ ಸಂಪರ್ಕ ಬಿಡುತ್ತವೆ.

2018ರಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಮೈಕ್ರೋಸಾಫ್ಟ್ ಸಂಸ್ಥೆಯು ಹೊರಗಿನ ಡ್ರೈವ್‌ಗಳಿಗೆ ‘ಕ್ವಿಕ್ ರಿಮೂವಲ್’ ನೀತಿಯನ್ನು ಸಹಜ ಆಯ್ಕೆಯಾಗಿಸಿದೆ. ಇದರಲ್ಲಿ ಕ್ಯಾಶ್ ಬಳಕೆಯಾಗದ ಕಾರಣ, ಬರವಣಿಗೆ ನಡೆಯದಿರುವಾಗ ನೇರವಾಗಿ ಕಿತ್ತರೂ ಅಪಾಯ ಕಡಿಮೆ. ಆದರೆ ಯಾರೋ ‘ಬೆಟರ್ ಪರ್ಫಾರ್ಮೆನ್ಸ್’ ಆಯ್ಕೆ ಮಾಡಿಟ್ಟಿದ್ದರೆ, ಅಥವಾ ತಮ್ಮದು ಲಿನಕ್ಸ್ ಇಲ್ಲವೇ ಮ್ಯಾಕ್ ಆಗಿದ್ದರೆ, ಈ ಧೈರ್ಯ ಸಲ್ಲದು. ಸೈಬರ್ ಕೆಫೆ, ಡಿಟಿಪಿ ಕೇಂದ್ರ, ಕಚೇರಿಗಳ ಕಂಪ್ಯೂಟರ್‌ನಲ್ಲಿ ಯಾವ ನೀತಿ ಇದೆಯೆಂದು ಯಾರು ನೋಡುತ್ತಾರೆ? ಟಾಸ್ಕ್‌ಬಾರ್‌ನ ಮೂಲೆಯಲ್ಲಿರುವ ‘ಇಜೆಕ್ಟ್’ ಐಕಾನ್ ಕ್ಲಿಕ್ಕಿಸಲು ತಗಲುವುದು ಕೆಲವೇ ಕ್ಷಣ. ಸಾಧನ ಬಳಕೆಯಲ್ಲಿದೆ ಎಂಬ ಸಂದೇಶ ಬಂದರೆ ಅದರಲ್ಲಿನ ತೆರೆದ ಕಡತಗಳನ್ನು ಮುಚ್ಚಿ ಮತ್ತೆ ಪ್ರಯತ್ನಿಸಬೇಕು. ಆಗಲೂ ಬಿಡದಿದ್ದರೆ ಕಂಪ್ಯೂಟರನ್ನು ಶಟ್‌ಡೌನ್ ಮಾಡಿ ತೆಗೆಯಬಹುದು.

ಅನಾಹುತ ನಡೆದೇಹೋದರೆ ಫಾರ್ಮ್ಯಾಟ್‌ಗೆ ಒಪ್ಪಿಗೆ ಕೊಡಬಾರದು, ಡ್ರೈವ್‌ಗೆ ಹೊಸದೇನನ್ನೂ ಬರೆಯಬಾರದು. ಫೋಟೋರೆಕ್‌ನಂತಹ ಉಚಿತ ತಂತ್ರಾಂಶಗಳು ಕೆಟ್ಟ ಕೋಷ್ಟಕವನ್ನು ನಂಬದೆ ಕಡತಗಳನ್ನೇ ಹುಡುಕುತ್ತವೆ. ಹೆಸರುಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಸಿಕ್ಕಿದ್ದನ್ನು ಬೇರೆ ಡಿಸ್ಕಿನಲ್ಲಿ ಉಳಿಸಿಕೊಳ್ಳಬೇಕು. ಡ್ರೈವನ್ನು ತಲುಪದೆ ರ‍್ಯಾಮ್‌ನಲ್ಲೇ ಉಳಿದ ಭಾಗವನ್ನು ಮಾತ್ರ ಯಾವ ತಂತ್ರಾಂಶವೂ ತಂದುಕೊಡಲಾರದು. ಅದಕ್ಕೆ ಮೂಲ ಕಂಪ್ಯೂಟರ್‌ನಲ್ಲಿರುವ ಪ್ರತಿಯೇ ಗತಿ. ‘ಕಾಪಿ’ ಬದಲು ‘ಕಟ್’ ಮಾಡಿ ಸಾಗಿಸಿದವರಿಗೆ ಅದೂ ಇರುವುದಿಲ್ಲ.