ರೋಸಿ ಎಂಬ ಮೊದಲ ನಾಯಕಿ

2011ರ 'ಥಾರ್' ಚಿತ್ರದಲ್ಲಿ ಹೈಮ್‌ಡಾಲ್ ಎಂಬ ದೇವತೆಯ ಪಾತ್ರ ಕಪ್ಪು ನಟ ಇದ್ರಿಸ್ ಎಲ್ಬಾ ಅವರಿಗೆ ಸಿಕ್ಕಿತು. ಕಾಮಿಕ್ಸ್‌ನಲ್ಲಿ ಆ ದೇವತೆ ಬಿಳಿಯ. ಅದಕ್ಕೇ ಕೆಲವರು ಗಲಾಟೆ ಎಬ್ಬಿಸಿದರು. ಮಕ್ಕಳ ಜೊತೆ ಇಂಥ ಚಿತ್ರ ನೋಡುವ ನಮಗೆ ಇದು ದೂರದೇಶದ ಜಗಳ ಅನ್ನಿಸಬಹುದು. ಆದರೆ ಇದಕ್ಕಿಂತ ಕ್ರೂರವಾದದ್ದು ವಿಳಿಂಜಂ ಪಕ್ಕದ ತಿರುವನಂತಪುರ ಪಟ್ಟಣದಲ್ಲೇ ನಡೆದಿದೆ.

ಮಲಯಾಳಂನ ಮೊದಲ ಕಥಾಚಿತ್ರ ಜೆ.ಸಿ. ಡೇನಿಯಲ್ ಅವರ ಮೂಕಿಚಿತ್ರ 'ವಿಗತಕುಮಾರನ್'. ಅದರ ನಾಯಕಿ ಪಿ.ಕೆ. ರೋಸಿ ಪುಲಯ ಸಮುದಾಯದ ಹೆಣ್ಣುಮಗಳು, ಜಾನಪದ ನಾಟಕದಲ್ಲಿ ಪಳಗಿದವರು. ಪಾತ್ರವೋ ನಾಯರ್ ಮನೆತನದ ಹೆಣ್ಣಿನದು. ಕ್ಯಾಪಿಟಲ್ ಥಿಯೇಟರಿನಲ್ಲಿ ಚಿತ್ರ ತೆರೆಕಂಡಾಗ ಮೇಲ್ಜಾತಿಯ ಪ್ರೇಕ್ಷಕರು ಕೆರಳಿ ಪರದೆಗೆ ಕಲ್ಲು ತೂರಿದರು. ರೋಸಿಯ ಗುಡಿಸಲಿಗೂ ಬೆಂಕಿ ಬಿತ್ತು ಎನ್ನುತ್ತಾರೆ. ಅವರು ಊರು ಬಿಟ್ಟು ತಮಿಳುನಾಡು ಸೇರಿದರು; ಮತ್ತೆಂದೂ ನಟಿಸಲಿಲ್ಲ. ಆ ಚಿತ್ರದ ಒಂದು ಪ್ರತಿಯೂ ಈಗ ಉಳಿದಿಲ್ಲ.

ಅವರ ಕಥೆಯನ್ನು 2013ರಲ್ಲಿ 'ಸೆಲ್ಯುಲಾಯ್ಡ್' ಚಿತ್ರ ಮತ್ತೆ ಜನರ ಮುಂದಿಟ್ಟಿತು. 2019ರಲ್ಲಿ ಕೇರಳದ ಸಿನಿಮಾ ಮಹಿಳೆಯರು ಅವರ ಹೆಸರಿನಲ್ಲಿ ಫಿಲ್ಮ್ ಸೊಸೈಟಿ ಕಟ್ಟಿದರು. 2023ರ ಫೆಬ್ರವರಿ 10ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತು.

ಅಲ್ಲಿ ಬಣ್ಣ, ಇಲ್ಲಿ ಜಾತಿ. ಆಕ್ಷೇಪಣೆ ಒಂದೇ: 'ಈ ಪಾತ್ರಕ್ಕೆ ಇವರು ಸಲ್ಲರು'. ಯಾರೂ ಅಭಿನಯ ಹೇಗಿತ್ತೆಂದು ಕೇಳಲಿಲ್ಲ. ರಾಜ್ಯೋತ್ಸವದ ನಾಟಕಕ್ಕೆ ಸೀತೆಯನ್ನೋ ಅಬ್ಬಕ್ಕನನ್ನೋ ಆರಿಸುವಾಗ, ಸೋದರಿಯರೇ, ನಾವು ಮೊದಲು ಮಗುವಿನ ಮೈಬಣ್ಣ ನೋಡುತ್ತೇವೆಯೇ, ಮಾತಿನ ಕಸುವು ನೋಡುತ್ತೇವೆಯೇ?