ಪಾಲು, ಪಹಣಿ, ಬಂಡಿದಾರಿ: ದಾವಣಗೆರೆ ಸೀಮೆಯ ಹಳ್ಳಿಗಳ ಬದುಕು ಮತ್ತು ಭೂಮಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರ ಆಗಸ್ಟ್ 15ರಂದು ಈ ಜಿಲ್ಲೆ ಹುಟ್ಟುವ ಮುನ್ನ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗಕ್ಕೂ, ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಮೊದಲ ಮೂರು ಅರೆಮಲೆನಾಡಿನ ಸೆರಗಿನಲ್ಲಿವೆ. ತುಂಗಭದ್ರೆಯ ನೀರು, ಕೆರೆಗಳು, ಅಡಿಕೆ ತೋಟಗಳು ಅಲ್ಲಿನ ಬದುಕನ್ನು ರೂಪಿಸಿವೆ. ಜಗಳೂರು ಅಪ್ಪಟ ಬಯಲುಸೀಮೆ. ಮಳೆ ಕೈಕೊಟ್ಟರೆ ಊರೇ ಗುಳೆ ಏಳುವ ನೆಲ. ಹೀಗೆ ಬೇರೆ ಬೇರೆ ಬಗೆಯ ಹಳ್ಳಿಗಳಾದರೂ ಇವುಗಳ ಆಸ್ತಿಯ ಚರಿತ್ರೆ ಒಂದೇ ದಿಕ್ಕಿನಲ್ಲಿ ನಡೆದಿದೆ. ಬೆಳೆಯಲ್ಲಿ ಸಿಗುವ ಪಾಲೇ ಹಕ್ಕಾಗಿದ್ದ ಕಾಲದಿಂದ, ಅಳೆದ ನೆಲ ಮತ್ತು ಬರೆದ ಕಾಗದವೇ ಹಕ್ಕಾದ ಕಾಲಕ್ಕೆ ಅವು ಬಂದಿವೆ. ಆ ಕಾಗದದಲ್ಲಿ ಹೆಸರು ಬರೆಸಿಕೊಂಡವರು ಉಳಿದರು. ಊರಿಂದೂರಿಗೆ ತಿರುಗುತ್ತಿದ್ದವರು ಮತ್ತು ಅವರಿವರ ಹೊಲದಲ್ಲಿ ದುಡಿಯುತ್ತಿದ್ದವರು ಬಹುಕಾಲ ಹೊರಗೇ ನಿಂತರು.

ಅರಸೊತ್ತಿಗೆಯ ಕಾಲ

ಚನ್ನಗಿರಿಗೆ ಆ ಹೆಸರು ಬಂದದ್ದು 17ನೇ ಶತಮಾನದ ಕೊನೆಯಲ್ಲಿ ಆಳಿದ ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ. ಅದೇ ತಾಲ್ಲೂಕಿನ ಸಂತೇಬೆನ್ನೂರು ಮತ್ತು ಬಸವಾಪಟ್ಟಣ ಪಾಳೆಯಗಾರರ ನೆಲೆಗಳಾಗಿದ್ದವು. ಸಂತೇಬೆನ್ನೂರಿನ ಪುಷ್ಕರಣಿ ಆ ಕಾಲದ ವೈಭವಕ್ಕೆ ಇಂದಿಗೂ ಸಾಕ್ಷಿ. ಜಗಳೂರು ಸೀಮೆ ಚಿತ್ರದುರ್ಗದ ನಾಯಕರಿಗೆ ಸೇರಿತ್ತು. ಹೈದರಾಲಿ 1763ರಲ್ಲಿ ಕೆಳದಿಯನ್ನೂ 1779ರಲ್ಲಿ ಚಿತ್ರದುರ್ಗವನ್ನೂ ಗೆದ್ದ ಮೇಲೆ ಇದೆಲ್ಲ ಮೈಸೂರಿನ ಕೈಗೆ ಬಂತು.

ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದ ನಡುವಿನಲ್ಲಿ ಜಾರಿಗೆ ತಂದ ಕಂದಾಯದ ಕ್ರಮ 'ಶಿವಪ್ಪ ನಾಯಕನ ಶಿಸ್ತು' ಎಂದೇ ಹೆಸರಾಗಿದೆ. ನೆಲದ ಗುಣ ನೋಡಿ, ಹಲವು ವರ್ಷಗಳ ಇಳುವರಿಯ ಸರಾಸರಿ ತೆಗೆದು ಕಂದಾಯ ಕಟ್ಟುವುದು ಅದರ ತಿರುಳು. ಆದರೆ ಆಗ ಪ್ರಮಾಣವಾಗಿದ್ದದ್ದು ವಿಸ್ತೀರ್ಣವಲ್ಲ, ಬಿತ್ತನೆ. ಇಷ್ಟು ಖಂಡುಗ ಬೀಜ ಹಿಡಿಯುವ ಗದ್ದೆ, ಇಷ್ಟು ಕೊಳಗ ಬಿತ್ತುವ ಹೊಲ ಎಂದೇ ಜನ ಭೂಮಿಯನ್ನು ಗುರುತಿಸುತ್ತಿದ್ದರು.

ಲೆಕ್ಕ ಶಾನುಭೋಗರ ಕಡತದಲ್ಲಿ ಇರುತ್ತಿತ್ತು. ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆದರೆ ಅಕ್ಷರ ಬೆಳ್ಳಗೆ ಮೂಡುತ್ತಿತ್ತು, ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಿತ್ತು. ಒಂದು ಮನೆತನದ ಕೈಯಲ್ಲಿ ತಲೆತಲಾಂತರವಾಗಿ ಉಳಿದ ಈ ಬರಹವೇ ಊರಿನ ಹೊಲಗದ್ದೆಗಳ ನೆನಪಾಗಿತ್ತು. ಓದು ಬರಹ ಬಾರದ ಒಕ್ಕಲಿಗೆ ಶಾನುಭೋಗರು ಎಷ್ಟು ಮುಖ್ಯರಾಗಿದ್ದರು ಎಂಬುದೂ ಇದರಿಂದಲೇ ತಿಳಿಯುತ್ತದೆ.

ಕಣದಲ್ಲಿ ಹಂಚಿಕೆಯಾದ ಹಕ್ಕು

ಹಳ್ಳಿಯ ಕೆಲಸಗಳನ್ನು ಆಯಗಾರರು ನಡೆಸುತ್ತಿದ್ದರು. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಮೊದಲಾದವರನ್ನು ಸೇರಿಸಿ ಹನ್ನೆರಡು ಎಂದು ಎಣಿಸುವುದು ವಾಡಿಕೆ. ಊರಿಂದೂರಿಗೆ ಪಟ್ಟಿಯಲ್ಲಿ ಸ್ವಲ್ಪ ವ್ಯತ್ಯಾಸವಿತ್ತು. ಇವರಿಗೆ ಹಣದ ಸಂಬಳವಿರಲಿಲ್ಲ. ಕೆಲವರಿಗೆ ಇನಾಮು ಭೂಮಿ, ಎಲ್ಲರಿಗೂ ಸುಗ್ಗಿಯಲ್ಲಿ ಆಯ. ಇದು ಕನ್ನಡ ನಾಡಿಗೆ ಮಾತ್ರ ಸೀಮಿತವಾದ ಏರ್ಪಾಡಲ್ಲ. ಜಾವಾ ದ್ವೀಪದ ಹಳ್ಳಿಗಳಲ್ಲೂ ಊರ ಮುಖಂಡನಿಗೆ ಸಂಬಳದ ಬದಲು 'ಬೆಂಗ್ಕೊಕ್' ಎಂಬ ಭೂಮಿಯನ್ನು ಅನುಭವಿಸಲು ಬಿಟ್ಟುಕೊಡುವ ಪದ್ಧತಿ ಇತ್ತು.

ಕಣದಲ್ಲಿ ಒಕ್ಕಣೆ ಮುಗಿದು, ತೂರಿ, ರಾಶಿ ಮಾಡಿದ ಮೇಲೆ ಅದರ ನೆತ್ತಿಯಲ್ಲಿ ಸಗಣಿಯ ಬೆನವನನ್ನು (ಗಣಪನನ್ನು) ಇಟ್ಟು ಪೂಜೆ ಮಾಡುತ್ತಿದ್ದರು. ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಎನ್ನದೆ 'ಲಾಭ' ಎಂದು ಎಣಿಕೆ ಶುರು ಮಾಡುತ್ತಿದ್ದರು. ಕಾಳು ಮನೆ ಸೇರುವ ಮೊದಲೇ ಕಣದ ಸುತ್ತ ನಿಂತ ಆಯಗಾರರಿಗೆ, ದೇವರಿಗೆ, ಭಿಕ್ಷೆಗೆ ಬಂದವರಿಗೆ ಪಾಲು ಹೋಗುತ್ತಿತ್ತು. ಆ ಪಾಲು ದಾನವಲ್ಲ, ಹಕ್ಕು. ಆದರೆ ಹಕ್ಕಿನೊಳಗೂ ಮೇಲುಕೀಳಿತ್ತು. ಗೌಡ ಮತ್ತು ಶಾನುಭೋಗರ ಪಾಲಿಗೆ ಅಧಿಕಾರ ಜೊತೆಯಾಗಿತ್ತು, ತೋಟಿಯ ಪಾಲಿಗೆ ಬಿಟ್ಟಿ ಚಾಕರಿ ಅಂಟಿಕೊಂಡಿತ್ತು. ಸಾಲಕ್ಕೆ ಜೀತ ಸೇರಿದವನಿಗೆ ರಾಶಿಯಲ್ಲಿ ಪಾಲೂ ಇರಲಿಲ್ಲ.

ಭೂಮಿ ಇಲ್ಲದವರು ಕೋರಿಗೆ ಮಾಡುತ್ತಿದ್ದರು, ಎಂದರೆ ಬೆಳೆಯಲ್ಲಿ ಪಾಲು ಕೊಡುವ ಒಪ್ಪಂದದ ಮೇಲೆ ಉಳುತ್ತಿದ್ದರು. ಗದ್ದೆ ತೋಟಗಳಲ್ಲಿ ಗೇಣಿ ನಡೆಯುತ್ತಿತ್ತು. ಬಿತ್ತನೆ, ಕಳೆ, ಕೊಯ್ಲಿಗೆ ಮನೆಮನೆಗಳ ನಡುವೆ ಮುಯ್ಯಾಳು ಇತ್ತು: ಇವತ್ತು ಇವರ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ಇವರು.

ಬಯಲುಸೀಮೆಯ ಮನೆಗಳಲ್ಲಿ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಗಟ್ಟಿ ನೆಲದಲ್ಲಿ ತೋಡಿದ ಈ ಗುಂಡಿಯ ಬಾಯಿ ಕಿರಿದು, ಒಡಲು ಅಗಲ. ಒಳಗೆ ಹುಲ್ಲು ಹಾಸಿ ಕಾಳು ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹಗೇವು ತೆಗೆಯುವ ದಿನ ಬಾಯಿಯನ್ನು ಬಹಳ ಹೊತ್ತು ತೆರೆದಿಟ್ಟು, ಕೆಟ್ಟ ಗಾಳಿ ಹೋಗಿದೆಯೇ ಎಂದು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿರಲಿಲ್ಲ. ತುಂಬಿದ ಹಗೇವು ಇದ್ದ ಮನೆ ಬರ ಬಂದರೂ ಒಂದೆರಡು ವರ್ಷ ತಾಳುತ್ತಿತ್ತು. 1876–78ರ ಧಾತು ಈಶ್ವರ ಬರದಲ್ಲಿ ಮಾತ್ರ ಆ ಆಸರೆಯೂ ಸಾಲದೆ ಹೋಯಿತು. ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಒಣಸೀಮೆಯ ಊರುಗಳಿಗೆ ಪೆಟ್ಟು ಹೆಚ್ಚು ಬಿತ್ತು.

ನೀರು ಮತ್ತು ಹುಲ್ಲು

ಅರೆಮಲೆನಾಡಿನಲ್ಲಿ ನೆಲಕ್ಕಿಂತ ನೀರಿನ ಹಕ್ಕು ದೊಡ್ಡದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಎರಡು ಗುಡ್ಡಗಳ ನಡುವಿನ ಸಂದಿಗೆ ಅಡ್ಡಲಾಗಿ ಹರಿದ್ರಾ ಹಳ್ಳವನ್ನು ಕಟ್ಟಿ ನಿಲ್ಲಿಸಿದ ಕೆರೆ. ಚಿಕ್ಕ ಏರಿಯ ಹಿಂದೆ ಇಷ್ಟು ದೊಡ್ಡ ಜಲರಾಶಿ ನಿಂತಿರುವುದು ಅದನ್ನು ಕಟ್ಟಿದವರ ನೆಲದ ತಿಳಿವಳಿಕೆಯನ್ನು ತೋರಿಸುತ್ತದೆ. ಸಿದ್ದನಾಲೆ ಮತ್ತು ಬಸವನಾಲೆ ಇದರ ನೀರನ್ನು ಗದ್ದೆ ತೋಟಗಳಿಗೆ ಒಯ್ಯುತ್ತವೆ. ಕೆರೆಯ ಊರುಗಳಲ್ಲಿ ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವಾಗ ನೀರು ಎಂಬುದನ್ನು ತೂಬಿನ ಬಳಿಯ ನೀರಗಂಟಿ ನಡೆಸಿಕೊಡುತ್ತಿದ್ದ.

ಜಗಳೂರಿನಲ್ಲಿ ಹುಲ್ಲೇ ಸಂಪತ್ತು. ಗೋಮಾಳ, ಕಾವಲು, ಕುರುಚಲು ಗುಡ್ಡ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಕುರಿ ಮತ್ತು ದನಗಳ ಬದುಕು ಅವನ್ನೇ ನೆಚ್ಚಿತ್ತು. ಚಿತ್ರದುರ್ಗ ಸೀಮೆಯ ಮ್ಯಾಸನಾಯಕರಲ್ಲಿ ಮತ್ತು ಕಾಡುಗೊಲ್ಲರಲ್ಲಿ 'ದೇವರ ಎತ್ತು'ಗಳ ಹಿಂಡುಗಳಿವೆ. ಅವು ಯಾವ ಮನೆಗೂ ಸೇರಿದವಲ್ಲ, ದೇವರಿಗೆ ಸೇರಿದವು. ಅವನ್ನು ಕಾಯಲು ಕಿಲಾರಿಗಳಿದ್ದಾರೆ. ಗೋಮಾಳಗಳು ಕಡಿಮೆಯಾದಂತೆ ಈ ಹಿಂಡುಗಳ ಮೇವಿಗೂ ಕುತ್ತು ಬಂದಿದೆ.

ಸರಪಳಿ ಬಂದ ಮೇಲೆ

1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷ್ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರಿನ ಭೂಮಾಪನ ಕೈಗೊಂಡ. ಇದೇ ಅಧಿಕಾರಿ 1811ರಲ್ಲಿ ಜಾವಾಕ್ಕೆ ಹೋಗಿ, ಅಲ್ಲಿನ ಭೂಹಿಡುವಳಿಯನ್ನು ಪರಿಶೀಲಿಸಿದ ಸಮಿತಿಯ ಮುಂದಾಳಾದ. ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ದಕ್ಷಿಣ ಭಾರತದ ರೈತವಾರಿ ಪದ್ಧತಿಯ ಪ್ರಭಾವ ಬ್ರಿಟಿಷ್ ಆಡಳಿತಗಾರ ರಾಫಲ್ಸ್ ಜಾವಾದಲ್ಲಿ ತಂದ ಭೂಕಂದಾಯದ ಮೇಲೂ ಇತ್ತು.

ಮೈಸೂರಿನಲ್ಲಿ ಮಾತ್ರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶರತ್ತಿನ ಪದ್ಧತಿ ಬೇರೂರಿತು. ಇಷ್ಟು ಹಣ ತಂದುಕೊಡುತ್ತೇನೆಂದು ಶರತ್ತು ಬರೆದುಕೊಟ್ಟ ಅಮಲ್ದಾರ ಅದನ್ನು ಒಕ್ಕಲಿನಿಂದ ಹೇಗಾದರೂ ಹಿಂಡುತ್ತಿದ್ದ. 1830ರಲ್ಲಿ ನಗರ (ಬಿದನೂರು) ಸೀಮೆಯ ರೈತರು ಕೂಟ ಕಟ್ಟಿ ತಿರುಗಿಬಿದ್ದರು. ಬಸವಾಪಟ್ಟಣ ಮತ್ತು ಹೊನ್ನಾಳಿಯ ಸುತ್ತಲೂ ಆ ಕಿಚ್ಚು ಹಬ್ಬಿತ್ತು. ಇದನ್ನೇ ಮುಂದು ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡರು, 1881ರವರೆಗೆ ಬಿಡಲಿಲ್ಲ.

1863ರಲ್ಲಿ ಮುಂಬಯಿ ಮಾದರಿಯ ಮೋಜಣಿ ಶುರುವಾಯಿತು. ಅಳತೆಯ ಸರಪಳಿ 33 ಅಡಿ ಉದ್ದ, ಅದರಲ್ಲಿ 16 ಆಣೆಗಳ ಭಾಗ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಪ್ರತಿ ಹೊಲಕ್ಕೂ ಸರ್ವೆ ನಂಬರು, ಮೂಲೆಗೆ ಬಾಂದುಕಲ್ಲು, ಖುಷ್ಕಿ (ಮಳೆಯಾಶ್ರಿತ), ತರಿ (ನೀರಾವರಿ), ಬಾಗಾಯ್ತು (ತೋಟ) ಎಂಬ ವರ್ಗ, ಮಣ್ಣಿನ ಗುಣಕ್ಕೆ ತಕ್ಕ ಆಕಾರ (ಕಂದಾಯ) ಬಂದವು. ಬೀಜದಿಂದ ಅಳೆದ ನೆಲ ಎಕರೆ–ಗುಂಟೆಗೆ ತಿರುಗಿದ್ದು ಹೀಗೆ. ಅಮಲ್ದಾರನ ಮನಸ್ಸು ಬಂದಂತೆ ಕಂದಾಯ ಏರುವುದು ಇದರಿಂದ ತಪ್ಪಿತು. ಇದು ರೈತನಿಗೆ ದೊಡ್ಡ ರಕ್ಷಣೆ. ಆದರೆ ಕೋರಿನವನ ದುಡಿಮೆ ಸರ್ವೆ ನಂಬರಿನಲ್ಲಿ ಕಾಣಲಿಲ್ಲ. ನಿಶ್ಚಿತ ಹೊಲಕ್ಕೆ ನಿಶ್ಚಿತ ಕಂದಾಯವಾದ ಮೇಲೆ ಅದನ್ನು ಅಡವಿಟ್ಟು ಸಾಲ ತರುವುದು ಸುಲಭವಾಯಿತು, ಭೋಗ್ಯಕ್ಕೆ ಹಾಕಿ ಕಳೆದುಕೊಳ್ಳುವುದೂ ಸುಲಭವಾಯಿತು.

ಹೆಣ್ಣುಮಕ್ಕಳ ಹೆಸರು ಈ ದಾಖಲೆಗಳಲ್ಲಿ ಬಂದದ್ದು ತೀರ ನಿಧಾನವಾಗಿ. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಆಸ್ತಿ ಹಕ್ಕಿನ ಕಾಯ್ದೆ ತಂದಿತು. 1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರವೂ ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲು ಕೊಟ್ಟವು. ಹಾಗಿದ್ದೂ ಅರಿಸಿನ–ಕುಂಕುಮದ ಹೆಸರಿನಲ್ಲಿ ಒಂದಿಷ್ಟು ಕೊಟ್ಟು ಹಕ್ಕುಬಿಡುಗಡೆ ಬರೆಸಿಕೊಳ್ಳುವ ರೂಢಿ ಹಳ್ಳಿಗಳಲ್ಲಿ ಉಳಿದಿದೆ. ಪಾಲುಪಾರಿಕತ್ತಿನ ಜಗಳಗಳನ್ನು ಊರ ಹಿರಿಯರ ಮುಂದೆ ಬಗೆಹರಿಸಿಕೊಳ್ಳುವ ವಾಡಿಕೆಯೂ ಇದೆ. ಸಿರಿಗೆರೆ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಈ ಸೀಮೆಯ ಅನೇಕ ಕುಟುಂಬಗಳು ಇಂಥ ವ್ಯಾಜ್ಯಗಳನ್ನು ಒಯ್ಯುತ್ತವೆ.

ದಾರಿಗಳು, ಸಂತೆಗಳು

ರಸ್ತೆಗಳಿಗೆ ಮುಂಚೆ ಸರಕು ಸಾಗಿದ್ದು ಹೇರೆತ್ತುಗಳ ಬೆನ್ನ ಮೇಲೆ. ಉಪ್ಪು, ಧಾನ್ಯ ತುಂಬಿದ ಗೋಣಿಗಳನ್ನು ಎತ್ತಿನ ಎರಡೂ ಮಗ್ಗುಲಿಗೆ ಹೇರಿ, ನೂರಾರು ಎತ್ತುಗಳ ಸಾಲು ನಡೆಸುತ್ತಿದ್ದವರು ಲಂಬಾಣಿಗರು. ದಂಡುಗಳಿಗೆ ದವಸ ಒದಗಿಸಿದವರೂ ಅವರೇ. ಮೈಸೂರು ಯುದ್ಧಗಳಲ್ಲಿ ಕಾರ್ನ್‌ವಾಲಿಸನ ಸೇನೆ ಅವರನ್ನು ನೆಚ್ಚಿತ್ತು. ಈ ಸಮುದಾಯ ಆರಾಧಿಸುವ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದರೆಂದು ನಂಬಿಕೆಯಿರುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿದೆ. ಫೆಬ್ರವರಿಯ ಜಯಂತಿಗೆ ಹಲವು ರಾಜ್ಯಗಳಿಂದ ಭಕ್ತರು ಅಲ್ಲಿಗೆ ನಡೆದು ಬರುತ್ತಾರೆ.

ಗಾಡಿರಸ್ತೆ ಮತ್ತು ರೈಲು ಬಂದಾಗ ಹೇರೆತ್ತಿನ ಕಸುಬು ನಿಂತಿತು. ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲಿ ಸೇತುವೆಯಾಯಿತು. ಮುಂದೆ ಬೆಂಗಳೂರು–ಹರಿಹರ ರೈಲು ದಾವಣಗೆರೆಯನ್ನು ಹಾದುಹೋಯಿತು; 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಹಳಿ ಬಂತು. ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲು ಬರಲಿಲ್ಲ. ಹೀಗಾಗಿ ಜಗಳೂರು ಕಡೆಯ ಹತ್ತಿ ಮತ್ತು ಕಾಳು ಬಂಡಿಗಳಲ್ಲಿ ದಾವಣಗೆರೆ ಪೇಟೆಗೆ ಹೋಗುತ್ತಿದ್ದವು. ಮಲೆನಾಡಿನ ಅಡಿಕೆಗೂ ಬಯಲಿನ ದವಸಕ್ಕೂ ನ್ಯಾಮತಿ ವಿನಿಮಯದ ಪೇಟೆಯಾಗಿತ್ತು. ಸೇತುವೆ ಇಲ್ಲದ ಕಡೆ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಬೇಕಿತ್ತು. ಹೊಳೆ ಬಂದರೆ ದಿನಗಟ್ಟಲೆ ಕಾಯಬೇಕಿತ್ತು. ಸಾಮಾನ್ಯ ಒಕ್ಕಲಿನ ತಿರುಗಾಟ ವಾರದ ಸಂತೆ, ಬೀಗರೂರು, ಜಾತ್ರೆ ಮತ್ತು ಕಚೇರಿಗೆ ಮುಗಿಯುತ್ತಿತ್ತು. ಕೊಡದಗುಡ್ಡದ ವೀರಭದ್ರ, ತೀರ್ಥರಾಮೇಶ್ವರಗಳಂಥ ಕ್ಷೇತ್ರಗಳಿಗೆ ಬುತ್ತಿ ಕಟ್ಟಿಕೊಂಡು ಹೊರಡುವುದೇ ದೊಡ್ಡ ಪಯಣ. 1948ರಲ್ಲಿ ಮೈಸೂರು ಸರ್ಕಾರ ಸಾರಿಗೆ ಇಲಾಖೆ ತೆರೆಯಿತು. ಆದರೂ ಈ ಭಾಗದ ಹಳ್ಳಿಗಳನ್ನು ಪಟ್ಟಣಕ್ಕೆ ಹೆಚ್ಚಾಗಿ ಜೋಡಿಸಿದ್ದು ಖಾಸಗಿ ಬಸ್ಸುಗಳು.

ಇನ್ನೊಂದು ಪಯಣ ಗುಳೆ. ಬೇಸಿಗೆಗೆ ಮುಂಚೆ ಲಂಬಾಣಿ ತಾಂಡಾಗಳಿಂದ ಮತ್ತು ಜಗಳೂರಿನ ಹಳ್ಳಿಗಳಿಂದ ಕಬ್ಬು ಕಡಿಯಲು, ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಕುಟುಂಬಗಳು ಹೊರಡುತ್ತವೆ. ಊರಲ್ಲಿ ಮುದುಕರು, ಶಾಲೆಯ ಮಕ್ಕಳು ಉಳಿಯುತ್ತಾರೆ.

ಹೊಸ ಕಾಯ್ದೆ, ಹೊಸ ನೀರು

ಸ್ವಾತಂತ್ರ್ಯದ ನಂತರದ ಮೂವತ್ತು ವರ್ಷಗಳಲ್ಲಿ ಹಳೆಯ ಏರ್ಪಾಡು ಕಳಚಿತು. 1951ರ ಕಾಗೋಡು ಸತ್ಯಾಗ್ರಹ ಗೇಣಿದಾರನ ಪ್ರಶ್ನೆಯನ್ನು ನಾಡಿನ ಮುಂದಿಟ್ಟಿತು. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಪಟೇಲ–ಶಾನುಭೋಗಿಕೆ ಮುಗಿಯಿತು. ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಭೂಮಿಯನ್ನು ಸರ್ಕಾರಕ್ಕೆ ಸೇರಿಸಿಕೊಂಡು, ಉಳುವವನೇ ಒಡೆಯ ಎಂಬ ತತ್ವವನ್ನು ಕಾನೂನಾಗಿಸಿತು. ಫಾರಂ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತವರು ಹೊಲದ ಒಡೆಯರಾದರು. ಬರಹದ ಗೇಣಿಚೀಟಿ ಇಲ್ಲದ ಕೋರಿನವರಿಗೆ, ಒಡೆಯನಿಗೆ ಅಂಜಿ ಅರ್ಜಿ ಹಾಕದವರಿಗೆ ಆ ಅವಕಾಶ ತಪ್ಪಿತು.

ಭದ್ರಾ ಜಲಾಶಯದ ಬಲದಂಡೆ ನಾಲೆ ಚನ್ನಗಿರಿಯ ನೆಲದ ಬೆಲೆಯನ್ನೇ ಬದಲಿಸಿತು. ಖುಷ್ಕಿ ಹೊಲ ಗದ್ದೆಯಾಯಿತು, ಗದ್ದೆ ಅಡಿಕೆ ತೋಟವಾಯಿತು; ಚನ್ನಗಿರಿ ರಾಜ್ಯದ ಮುಖ್ಯ ಅಡಿಕೆ ಮಾರುಕಟ್ಟೆಗಳಲ್ಲಿ ಒಂದಾಯಿತು. ಜಗಳೂರು ಮಾತ್ರ ಕೊಳವೆಬಾವಿ ಮತ್ತು ಮೆಕ್ಕೆಜೋಳವನ್ನು ನಂಬಿ ಕಾಯಬೇಕಾಯಿತು. ತುಂಗಭದ್ರೆಯ ನೀರನ್ನು ಕೊಳವೆಯಲ್ಲಿ ಎತ್ತಿ ಅಲ್ಲಿನ 57 ಕೆರೆಗಳಿಗೆ ತುಂಬಿಸುವ ಯೋಜನೆ ಈಚಿನದು.

2000ದ ಆಚೀಚೆ 'ಭೂಮಿ' ಯೋಜನೆಯಲ್ಲಿ ಪಹಣಿ, ಅಂದರೆ ಹೊಲದ ಹಕ್ಕು ಮತ್ತು ಬೆಳೆಯ ದಾಖಲೆ, ಗಣಕಯಂತ್ರಕ್ಕೆ ಸೇರಿತು. 2017ರಲ್ಲಿ ತಾಂಡಾ ಮತ್ತು ಹಟ್ಟಿಗಳ ನಿವಾಸಿಗಳಿಗೆ ವಾಸದ ಮನೆಯ ಹಕ್ಕು ಕೊಡುವ ತಿದ್ದುಪಡಿ ಬಂತು, ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳಾಗಿಸುವ ಕೆಲಸ ನಡೆಯಿತು. ಹೇರೆತ್ತು ಬಿಟ್ಟು ನೆಲೆನಿಂತ ಜನರಿಗೆ ಸ್ವಂತ ಮನೆಯ ಹಕ್ಕುಪತ್ರ ಸಿಗಲು ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿ ಕೃಷಿಕರಲ್ಲದವರೂ ಹೊಲ ಕೊಳ್ಳಲು ದಾರಿ ತೆರೆದಿದೆ. ಸಣ್ಣ ಹಿಡುವಳಿಗಳ ಮೇಲೆ ಇದರ ಒತ್ತಡ ಹೆಚ್ಚುತ್ತಿದೆ.

ಆಸ್ತಿಯೂ ಸಂಚಾರವೂ ಒಟ್ಟಿಗೆ ಸೇರುವುದು ಬಂಡಿದಾರಿಯಲ್ಲಿ. ಹಳೆಯ ಗ್ರಾಮ ನಕಾಶೆಯಲ್ಲಿ ಹೊಲಗಳ ಗಡಿಯ ಜೊತೆಗೆ ಕಾಲುದಾರಿ ಮತ್ತು ಬಂಡಿದಾರಿಗಳನ್ನು ಚುಕ್ಕಿಗೆರೆಗಳಲ್ಲಿ ಗುರುತಿಸಲಾಗಿದೆ. ಒಂದು ಸರ್ವೆ ನಂಬರು ಅಣ್ಣತಮ್ಮಂದಿರ ನಡುವೆ ಹಿಸ್ಸೆಗಳಾಗಿ ಒಡೆದಾಗ ಹಿಂದಿನ ಹೊಲದವನಿಗೆ ಗೊಬ್ಬರದ ಗಾಡಿ ಒಯ್ಯಲು ದಾರಿ ಉಳಿಯುವುದಿಲ್ಲ; ಮುಂದಿನವನು ತೋಟಕ್ಕೆ ಬೇಲಿ ಹಾಕಿರುತ್ತಾನೆ. ತಹಶೀಲ್ದಾರರ ಕಚೇರಿಗೆ ಬರುವ ರೈತರ ಅರ್ಜಿಗಳಲ್ಲಿ ಇಂಥವು ಸಾಮಾನ್ಯ. ಸರಪಳಿ ಹಿಡಿದು ಅಳೆದವರು ಹೊಲದ ಜೊತೆಗೆ ದಾರಿಯನ್ನೂ ಗುರುತಿಸಿದ್ದರು. ಹೊಲ ಒಬ್ಬನ ಹೆಸರಿನಲ್ಲಿ ಇರಬಹುದು, ಅದಕ್ಕೆ ಹೋಗುವ ದಾರಿ ಊರಿನದು. ಅದನ್ನು ಉಳಿಸಿಕೊಳ್ಳುವ ಹೊಣೆಯೂ ಇಡೀ ಊರಿನದು.